ಕಡಲಂಚಿನ ಟ್ರೈಲ್ ರೇಸ್: ಉಬ್ಬರದ ವೇಳೆ ನೋಡಿ ಓಡಿದ ಕ್ಲಬ್ಬಿನ ಒಂದು ದಿನ

ನಕ್ಷೆಯಲ್ಲಿ ನೋಡಿದರೆ, ನಮ್ಮ ಕ್ಲಬ್ಬು ಓಡಿದ ಈ ಟ್ರೈಲ್ ರೇಸಿನ, ಅಂದರೆ ಕಾಲುದಾರಿಯ ಓಟದ, ದಾರಿ ಯಾರನ್ನೂ ಹೆದರಿಸುವುದಿಲ್ಲ. ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ 140 ಮೀ. ದಾಟುವುದಿಲ್ಲ. ಆದರೂ 30 ಕಿ.ಮೀ. ಮುಗಿಯುವಷ್ಟರಲ್ಲಿ ಒಟ್ಟು 1,200 ಮೀ. ಏರು ಕಾಲಿಗೆ ಬಿದ್ದಿರುತ್ತದೆ. ಒಳನಾಡಿನಿಂದ ಕಡಲಿಗೆ ಹರಿಯುವ ಒಂದೊಂದು ತೊರೆಯೂ ದಂಡೆಯ ಗುಡ್ಡವನ್ನು ಸೀಳಿ ಕಣಿವೆ ಮಾಡಿಕೊಂಡಿರುತ್ತದೆ. ದಂಡೆಗುಂಟ ಸಾಗುವ ದಾರಿ ಅಂಥ ಪ್ರತಿಯೊಂದು ಕಣಿವೆಗೂ ಇಳಿದು ಮತ್ತೆ ಹತ್ತಲೇಬೇಕು. ಇಂಗ್ಲೆಂಡಿನ ಕಡಲಂಚಿನ ಕಾಲುದಾರಿ ಸೌತ್ ವೆಸ್ಟ್ ಕೋಸ್ಟ್ ಪಾತ್‌ನಲ್ಲಿ ಹೇಳಿಕೊಳ್ಳುವಂಥ ಪರ್ವತ ಒಂದೂ ಇಲ್ಲ, ಆದರೆ ಅದರ ಸುಮಾರು 1,014 ಕಿ.ಮೀ. ಉದ್ದಕ್ಕೂ ಏರಿದ್ದನ್ನೆಲ್ಲ ಕೂಡಿಸಿದರೆ 35,000 ಮೀ. ಆಗುತ್ತದೆ. ಬೆಟ್ಟದ ರೇಸಿನಲ್ಲಿ ಒಂದು ಗಂಟೆ ಹತ್ತಿದರೆ ಕಾಲಿಗೆ ಒಂದು ಲಯ ಸಿಗುತ್ತದೆ. ಇಲ್ಲಿ ಆರೇಳು ನಿಮಿಷ ಹತ್ತು, ಐದು ನಿಮಿಷ ಓಡು, ನಾಲ್ಕು ನಿಮಿಷ ಇಳಿ, ನಡುವೆ ಮರಳು, ಮತ್ತೆ ಮೆಟ್ಟಿಲು. ಲಯ ಕೂಡುವ ಮೊದಲೇ ನೆಲ ಬದಲಾಗಿರುತ್ತದೆ. ನಮ್ಮ ಕ್ಲಬ್ಬಿನಲ್ಲಿ ರಸ್ತೆ ಮ್ಯಾರಥಾನಿನಿಂದ ಬಂದವರೆಲ್ಲ ಮೊದಲು ತಡವರಿಸುವುದು ಇಲ್ಲಿಯೇ: ಅವರ ಕೈಯಲ್ಲಿ ಕಿಲೋಮೀಟರಿಗೆ ಇಷ್ಟು ನಿಮಿಷ ಎಂಬ ಪಟ್ಟಿ ಇರುತ್ತದೆ, ಆ ಪಟ್ಟಿಗೆ ಇಲ್ಲಿ ಬೆಲೆಯಿಲ್ಲ.

ಹಾಗಾದರೆ ಸಮಯ ಅಂದಾಜು ಮಾಡುವುದು ಹೇಗೆ? ಟ್ರೈಲ್ ಓಟದವರು ಬಳಸುವ ಲೆಕ್ಕ ಸುಲಭದ್ದು. ಪ್ರತಿ 100 ಮೀ. ಏರಿಗೆ ಒಂದು ಕಿಲೋಮೀಟರ್ ಸೇರಿಸಿ. 30ಕ್ಕೆ 12 ಕೂಡಿಸಿದರೆ 42. ಅಂದರೆ ದೇಹಕ್ಕೆ ಇದು 30 ಅಲ್ಲ, ಮ್ಯಾರಥಾನಿನ ಹತ್ತಿರದ ಓಟ. ಆದರೆ ಈ ಸೂತ್ರಕ್ಕೆ ಮರಳು ಗೊತ್ತಿಲ್ಲ. 1998ರಲ್ಲಿ ಬೆಲ್ಜಿಯಂನ ಸಂಶೋಧಕರು ಅಳೆದು ನೋಡಿದಂತೆ, ಗಟ್ಟಿ ನೆಲಕ್ಕೆ ಹೋಲಿಸಿದರೆ ಮರಳಿನ ಮೇಲೆ ಓಡಲು ಸುಮಾರು 1.6 ಪಟ್ಟು, ನಡೆಯಲು 2.1ರಿಂದ 2.7 ಪಟ್ಟು ಶಕ್ತಿ ಬೇಕು. ನಮ್ಮ ದಾರಿಯಲ್ಲಿ ಮರಳು 7 ಕಿ.ಮೀ. ಇತ್ತು. ಅದೆಲ್ಲ ಮೆತ್ತನೆಯದೇ ಎಂದುಕೊಂಡರೆ 11 ಕಿ.ಮೀ. ಓಡಿದಷ್ಟು ದಣಿವು, ಒಟ್ಟು ಲೆಕ್ಕ 46. ಇದಕ್ಕೆ ತಾಳೆ ನೋಡಲು 1892ರಷ್ಟು ಹಳೆಯ ನೇಯ್ಸ್ಮಿತ್ ಸೂತ್ರವೂ ಇದೆ. ಸ್ಕಾಟ್ಲೆಂಡಿನ ಆ ಪರ್ವತಾರೋಹಿ ಹೇಳಿದ್ದನ್ನು ಮೆಟ್ರಿಕ್ಕಿಗೆ ತಂದರೆ, ನಡೆಯುವವರಿಗೆ 5 ಕಿ.ಮೀ.ಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀ. ಏರಿಗೆ ಇನ್ನೊಂದು ಗಂಟೆ. 30 ಕಿ.ಮೀ.ಗೆ ಆರು, ಏರಿಗೆ ಎರಡು, ಒಟ್ಟು ಎಂಟು ಗಂಟೆ. ರೇಸಿನ ಕಟ್‌ಆಫ್ (ಅಷ್ಟರೊಳಗೆ ಮುಟ್ಟದಿದ್ದರೆ ಓಟದಿಂದ ಹೊರಗೆ ಎಂಬ ಗಡುವು) ಕೂಡ ಎಂಟೇ ಗಂಟೆ ಇತ್ತು. ಎಲ್ಲೂ ನಿಲ್ಲದೆ ಚುರುಕಾಗಿ ನಡೆದರೆ ಮುಗಿಸಬಹುದು, ನಿಂತರೆ ಆಗದು ಎಂದರ್ಥ.

ಆದರೆ ನಿಜವಾದ ಗಡಿಯಾರ ಕಡಲಿನದು. 19ನೇ ಕಿಲೋಮೀಟರಿನ ಆಚೆ ಬಂಡೆಯ ಮೂಲೆಯೊಂದನ್ನು ಬಳಸಿ ಹೋಗಬೇಕು, ಇಳಿತದ ಹೊತ್ತಿನಲ್ಲಿ ಮಾತ್ರ ಅಲ್ಲಿ ಕಾಲಿಡಲು ಜಾಗ. ಆ ದಿನ ಇಳಿತ ಬೆಳಿಗ್ಗೆ 8:40ಕ್ಕೆ, ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ 3 ಮೀ. ನೀರು ಒಂದೇ ಸಮನೆ ಏರುವುದಿಲ್ಲ ಎಂಬುದನ್ನು ಹೊಸಬರಿಗೆ ಒತ್ತಿ ಹೇಳಬೇಕಾಗುತ್ತದೆ. ದೋಣಿಯವರು ಬಳಸುವ ಹನ್ನೆರಡನೇ ಭಾಗದ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಇಳಿತದಿಂದ ಉಬ್ಬರದವರೆಗಿನ ಆರು ಗಂಟೆ ಚಿಲ್ಲರೆಯಲ್ಲಿ ಮೊದಲ ಗಂಟೆ ಹನ್ನೆರಡರಲ್ಲಿ ಒಂದು ಪಾಲು ಏರುತ್ತದೆ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು, ಮತ್ತೆ ಮೂರು, ಎರಡು, ಒಂದು. 3 ಮೀ. ಅಂತರವಿದ್ದರೆ ಮೊದಲ ಗಂಟೆಯಲ್ಲಿ ಕಾಲು ಮೀಟರ್, ಎರಡನೆಯದರಲ್ಲಿ ಅರ್ಧ, ಆಮೇಲಿನ ಎರಡು ಗಂಟೆಗಳಲ್ಲಿ ತಲಾ ಮುಕ್ಕಾಲು ಮೀಟರ್. 10:45ರ ತನಕ ಮುಕ್ಕಾಲು ಮೀಟರಷ್ಟೇ ಏರಿದ್ದ ನೀರು ಮುಂದಿನ ಒಂದು ಗಂಟೆಯಲ್ಲಿ ಅಷ್ಟನ್ನೇ ಮತ್ತೆ ಏರುತ್ತದೆ. ಅದಕ್ಕೇ ಆಯೋಜಕರು 19ನೇ ಕಿಲೋಮೀಟರಿನ ಚೆಕ್‌ಪಾಯಿಂಟಿಗೆ 10:45ರ ಕಟ್‌ಆಫ್ ಇಟ್ಟಿದ್ದರು. ಆರು ಗಂಟೆಗೆ ಓಟ ಶುರು, ಅಂದರೆ ಅಲ್ಲಿಗೆ 4 ಗಂಟೆ 45 ನಿಮಿಷ. ಒಟ್ಟು ಎಂಟು ಗಂಟೆಯನ್ನು 30ರಿಂದ ಭಾಗಿಸಿ ಕಿಲೋಮೀಟರಿಗೆ 16 ನಿಮಿಷ ಎಂದು ನೆಮ್ಮದಿಯಾಗಿ ಬಂದವರು ಅಲ್ಲಿ ಮುಟ್ಟುವುದು 5 ಗಂಟೆ 4 ನಿಮಿಷಕ್ಕೆ. ಆಗ ಮಾರ್ಷಲ್ (ದಾರಿ ಕಾಯುವ ಆಯೋಜಕರ ಕಡೆಯವರು) ಕೈ ಅಡ್ಡ ಹಿಡಿದಿರುತ್ತಾರೆ. ಕೊನೆಯ ಕಟ್‌ಆಫ್‌ಗಿಂತ ನಡುವಿನದೇ ಬಿಗಿ ಎಂಬುದು ನಿಯಮದ ಹಾಳೆಯಲ್ಲಿ ಇದ್ದೇ ಇರುತ್ತದೆ, ಓದುವವರು ಕಡಿಮೆ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿಯ ಹೊತ್ತಿಗೆ ಎರಡೂ ಮಂದ. ದಿನದಿಂದ ದಿನಕ್ಕೆ ವೇಳೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಹಿಂದಿನ ವಾರ ಅದೇ ದಾರಿಯಲ್ಲಿ ಓಡಿ ನೋಡಿದ್ದೇವೆ ಎಂಬ ಧೈರ್ಯ ಕೆಲಸಕ್ಕೆ ಬಾರದು. ಆ ದಿನದ, ಆ ಜಾಗದ ಉಬ್ಬರ-ಇಳಿತದ ಪಟ್ಟಿಯನ್ನೇ ನೋಡಬೇಕು. ಕಡಲ ಕಡೆಯಿಂದ ಜೋರು ಗಾಳಿ ಬೀಸಿದರೆ ನೀರು ಪಟ್ಟಿಯಲ್ಲಿ ಬರೆದದ್ದಕ್ಕಿಂತ ಮೇಲೆ ನಿಲ್ಲುತ್ತದೆ ಎಂಬುದೂ ನೆನಪಿರಲಿ.

ಇಷ್ಟು ಲೆಕ್ಕ ಮುಗಿದ ಮೇಲೆ ಕ್ಲಬ್ಬನ್ನು ಮೂರು ಗುಂಪು ಮಾಡಿದೆವು. ಸ್ನೇಹದ ಮೇಲಲ್ಲ, 19ನೇ ಕಿಲೋಮೀಟರ್ ಮುಟ್ಟುವ ಅಂದಾಜಿನ ಮೇಲೆ. ಮೂರೂವರೆ ಗಂಟೆಯೊಳಗಿನವರು, ನಾಲ್ಕರ ಆಸುಪಾಸಿನವರು, ಕಟ್‌ಆಫ್‌ಗೆ ಹತ್ತಿರ ಬರುವವರು. ಅನುಭವಿಗಳನ್ನು ಹಾಕಬೇಕಾದದ್ದು ಮೂರನೆಯ ಗುಂಪಿಗೆ. ಬಹಳಷ್ಟು ಕ್ಲಬ್ಬುಗಳು ಇದನ್ನು ಉಲ್ಟಾ ಮಾಡುತ್ತವೆ. ವೇಗದವರು ಹೇಗೂ ತಮ್ಮ ಪಾಡಿಗೆ ಹೋಗುತ್ತಾರೆ. ಯಾವಾಗ ನಡೆಯಬೇಕು, ಎಲ್ಲಿ ನಿಲ್ಲಬಾರದು ಎಂದು ಹೇಳುವವರು ಬೇಕಾಗುವುದು ಹಿಂದಿನವರಿಗೆ. ಅಂಗೈಯಗಲದ ಕಾಗದದ ಮೇಲೆ ಪ್ರತಿ ಚೆಕ್‌ಪಾಯಿಂಟಿಗೂ ಎರಡು ವೇಳೆ ಬರೆದು, ಎರಡೂ ಮಗ್ಗುಲು ಟೇಪು ಅಂಟಿಸಿ ಕೊಟ್ಟೆವು: ನಮ್ಮ ಗುರಿಯ ವೇಳೆ, ಆಯೋಜಕರ ಕಡೆಯ ವೇಳೆ. ವಾಚಿನಲ್ಲಿ ಎಲ್ಲ ಇರುತ್ತದೆ ಎನ್ನುವವರು ಬೆವರು-ಉಪ್ಪು ಹತ್ತಿದ ಬೆರಳಿನಿಂದ ಟಚ್‌ಸ್ಕ್ರೀನ್ ತಿರುಗಿಸಿ ನೋಡಲಿ.

ಕಡ್ಡಾಯ ಸಾಮಾನು ಒಂದು ಲೀಟರ್ ನೀರು ಹಿಡಿಯುವ ವ್ಯವಸ್ಥೆ, ಕುಡಿಯಲು ಸ್ವಂತ ಲೋಟ, ಸೀಟಿ, ಮೈ ಬೆಚ್ಚಗಿಡುವ ಫಾಯಿಲ್ ಹೊದಿಕೆ, ಗಾಳಿ ತಡೆಯುವ ಜಾಕೆಟ್, ಚಾರ್ಜ್ ತುಂಬಿದ ಫೋನು, ಅಂಟುವ ಬ್ಯಾಂಡೇಜು. ಬಿಸಿಲಿನ ದಿನ ಜಾಕೆಟ್ ಯಾಕೆ ಎಂಬ ಗೊಣಗಾಟ ಪ್ರತಿ ಸಲವೂ ಇರುತ್ತದೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದ 100 ಕಿ.ಮೀ. ರೇಸಿನಲ್ಲಿ ಹವೆ ಇದ್ದಕ್ಕಿದ್ದಂತೆ ತಿರುಗಿ 21 ಓಟಗಾರರು ಸತ್ತರು. ತೆಳು ಅಂಗಿ-ಚಡ್ಡಿಯಲ್ಲಿದ್ದವರನ್ನು ಮಳೆ, ಆಲಿಕಲ್ಲು ಮತ್ತು ಗಾಳಿ ಒಟ್ಟಿಗೆ ಹಿಡಿದವು. ಅದು ಬೆಟ್ಟದ ದಾರಿ ನಿಜ. ಆದರೆ ಒದ್ದೆ ಬಟ್ಟೆಯ ಮೇಲೆ ಗಾಳಿ ಬಡಿದರೆ ಮೈ ಎಷ್ಟು ಬೇಗ ತಣ್ಣಗಾಗುತ್ತದೆ ಎಂಬುದಕ್ಕೆ ಕಡಲ ಬಂಡೆಯಂಚೂ ಒಂದೇ, ಬೆಟ್ಟದ ನೆತ್ತಿಯೂ ಒಂದೇ. ಸೀಟಿಯ ಬಳಕೆಯನ್ನೂ ಹೇಳಿಕೊಡಬೇಕು: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡಬೇಕು. ಕಡಲ ಮೊರೆತದಲ್ಲಿ ಕೂಗು ಕೇಳುವುದಿಲ್ಲ, ಸೀಟಿ ಕೇಳುತ್ತದೆ.

ಹೊರಡುವ ಮೊದಲು ಉಜ್ಜಾಟದ ಜಾಗಗಳಿಗೆ, ಅಂದರೆ ತೊಡೆಯ ಒಳಭಾಗ, ಕಂಕುಳು, ಬೆನ್ನಚೀಲದ ಪಟ್ಟಿ ತಾಗುವ ಕಡೆ ಪೆಟ್ರೋಲಿಯಂ ಜೆಲ್ಲಿ ಧಾರಾಳವಾಗಿ ಹಚ್ಚಿದೆವು. ಬೆವರಿನ ಉಪ್ಪು ಒಣಗಿ ಹರಳುಗಟ್ಟಿದಾಗ ಚರ್ಮ ಕೆರೆಯುತ್ತದೆ, ಇಲ್ಲಿ ಅದರ ಜೊತೆಗೆ ಅಲೆಯ ಸಿಂಪಡಿಕೆಯ ಉಪ್ಪೂ ಸೇರುತ್ತದೆ. ಸನ್‌ಸ್ಕ್ರೀನ್ ಮುಖಕ್ಕೆ ಮಾತ್ರ ಹಚ್ಚಿದರೆ ಸಾಲದು. ಗದ್ದದ ಅಡಿ, ಮೂಗಿನ ಕೆಳಗೆ, ಮೊಣಕಾಲಿನ ಹಿಂದೆಯೂ ಬೇಕು. ಒಣ ಮರಳು ಅತಿನೇರಳೆ ಕಿರಣಗಳಲ್ಲಿ ಶೇ. 15ರಷ್ಟನ್ನು, ನೊರೆಯೆದ್ದ ನೀರು ಶೇ. 25ರಷ್ಟನ್ನು ಮೇಲಕ್ಕೆ ಹಿಂತಿರುಗಿಸುತ್ತವೆ. ಟೋಪಿ ಅದನ್ನು ತಡೆಯದು.

ಶುರುವಿನ ಎರಡು ಕಿಲೋಮೀಟರ್ ಅಗಲದ ದಾರಿ, ಆಮೇಲೆ ಒಬ್ಬರ ಹಿಂದೆ ಒಬ್ಬರು ಹೋಗಬೇಕಾದ ಕಾಲುದಾರಿ. ಎಲ್ಲರೂ ಆ ಇಕ್ಕಟ್ಟಿಗೆ ಮೊದಲು ಸೇರಬೇಕೆಂದು ನುಗ್ಗುತ್ತಾರೆ. ಅಲ್ಲಿ ಉಳಿಸುವ ಎರಡು ನಿಮಿಷಕ್ಕೆ ಮುಂದೆ ಇಪ್ಪತ್ತು ನಿಮಿಷ ತೆರಬೇಕಾಗುತ್ತದೆ ಎಂದು ಹೇಳಿ ಹೇಳಿ ಸಾಕಾಗಿದೆ. ಮೊದಲ ಏರಿನಿಂದಲೇ ನಡಿಗೆ. ಕಡಿದಾದ ಏರಿನಲ್ಲಿ ಜೋರು ನಡಿಗೆಗೂ ಕುಂಟು ಓಟಕ್ಕೂ ವೇಗದಲ್ಲಿ ಹೆಚ್ಚು ವ್ಯತ್ಯಾಸವಿರದು, ಎದೆಬಡಿತದಲ್ಲಿ ಇರುತ್ತದೆ. ಪೂರ್ತಿ ವಾಕ್ಯವೊಂದನ್ನು ಏದುಸಿರಿಲ್ಲದೆ ಹೇಳಲು ಆದರೆ ವೇಗ ಸರಿ, ಎರಡು ಪದಕ್ಕೆ ಉಸಿರು ಕಟ್ಟಿದರೆ ಹೆಚ್ಚಾಯಿತು.

ಎಂಟನೇ ಕಿಲೋಮೀಟರಿನಿಂದ ಹನ್ನೆರಡರವರೆಗೆ ಮೊದಲ ಮರಳು. ಕಡಲ ದಂಡೆಯಲ್ಲಿ ಮೂರು ಬಗೆಯ ಮರಳು ಇರುತ್ತದೆ, ಓಡಲು ಯೋಗ್ಯವಾದದ್ದು ಒಂದೇ. ಮೇಲಿನ ಒಣ ಮರಳಿನಲ್ಲಿ ಕಾಲು ಹೂತುಹೋಗುತ್ತದೆ. ಅಲೆ ಈಗಷ್ಟೇ ಹಿಂದೆ ಸರಿದ, ನೀರು ಮಿನುಗುವ ಅಂಚಿನಲ್ಲೂ ಮರಳು ಸಡಿಲ. ಇವೆರಡರ ನಡುವೆ ಇಳಿತ ಬಿಟ್ಟುಹೋದ ತೇವದ ಪಟ್ಟಿಯಲ್ಲಿ ಕಣಗಳ ನಡುವಿನ ತೆಳು ನೀರೇ ಮರಳನ್ನು ಹಿಡಿದಿಟ್ಟಿರುತ್ತದೆ. ಗುರುತು ಹಿಡಿಯುವುದು ಸುಲಭ: ಹೆಜ್ಜೆ ಇಟ್ಟೊಡನೆ ಪಾದದ ಸುತ್ತ ಮರಳು ಒಂದು ಕ್ಷಣ ಒಣಗಿದಂತೆ ಬಿಳಿಚಿಕೊಂಡರೆ ಅದು ಒತ್ತಾಗಿ ಕೂತ ಮರಳು. ತುಳಿತಕ್ಕೆ ಕಣಗಳು ಒಂದನ್ನೊಂದು ತಳ್ಳಿ ಸಂದು ಹಿಗ್ಗುತ್ತವೆ, ಮೇಲಿನ ನೀರು ಆ ಸಂದಿಗೆ ಇಳಿಯುತ್ತದೆ. ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ ಇದನ್ನು ವಿವರಿಸಿದ್ದು 1885ರಲ್ಲಿ. ಓಡುವವರಿಗೆ ಇಷ್ಟು ತಿಳಿದರೆ ಸಾಕು: ಬಿಳಿಚಿಕೊಂಡ ಕಡೆ ಓಡಿ, ನೀರು ಚಿಮ್ಮಿದ ಕಡೆಯಿಂದ ಎರಡು ಮೀಟರ್ ಮೇಲೆ ಸರಿಯಿರಿ.

ಮರಳಿನಲ್ಲಿ ಹೆಜ್ಜೆ ಚಿಕ್ಕದಾಗಬೇಕು, ಪಾದ ಮಟ್ಟಸವಾಗಿ ಬೀಳಬೇಕು. ಬೆರಳ ತುದಿಯಿಂದ ನೆಲವನ್ನು ಹಿಂದಕ್ಕೆ ಒದ್ದರೆ ಮರಳು ಹಿಂದೆ ಹೋಗುತ್ತದೆಯೇ ಹೊರತು ನೀವು ಮುಂದೆ ಹೋಗುವುದಿಲ್ಲ, ಮೀನಖಂಡ ಹಿಡಿದುಕೊಳ್ಳುತ್ತದೆ. ದಂಡೆ ಕಡಲ ಕಡೆಗೆ ವಾಲಿರುವುದರಿಂದ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ನಾಲ್ಕು ಕಿಲೋಮೀಟರ್ ಹಾಗೇ ಓಡಿದರೆ ಮೊಣಕಾಲಿನ ಹೊರಬದಿಯಲ್ಲಿ ನೋವು ಶುರುವಾಗುತ್ತದೆ. ಅದಕ್ಕೆ ಆಗಾಗ ಸಮತಟ್ಟಾದ ಪಟ್ಟಿ ಹುಡುಕಿ ಮೇಲೆ ಕೆಳಗೆ ಸರಿಯುತ್ತ ಹೋಗಬೇಕು. ಎದುರು ಗಾಳಿ ಇದ್ದಾಗ ಸಾಲು ಕಟ್ಟಿ, ಮುಂದಿನವರು ಕೆಲವು ನಿಮಿಷಕ್ಕೊಮ್ಮೆ ಹಿಂದೆ ಸರಿಯುವುದು ಕ್ಲಬ್ಬಾಗಿ ಓಡುವುದರ ದೊಡ್ಡ ಲಾಭ.

ಬೂಟಿನೊಳಗೆ ಮರಳು ಹೋಗೇ ಹೋಗುತ್ತದೆ. ಯಾವಾಗ ತೆಗೆಯಬೇಕು ಎನ್ನುವುದೇ ಪ್ರಶ್ನೆ. ಮರಳಿನ ನಡುವೆ ನಿಂತು ತೆಗೆಯುವುದು ವ್ಯರ್ಥ, ನೂರು ಹೆಜ್ಜೆಗೆ ಮತ್ತೆ ತುಂಬಿರುತ್ತದೆ. ದಂಡೆ ಬಿಟ್ಟು ಮೇಲೆ ಹತ್ತುವ ಮುಂಚೆ, ಕಲ್ಲೊಂದರ ಮೇಲೆ ಕೂತು, ಬೂಟು ಮತ್ತು ಸಾಕ್ಸ್ ಎರಡನ್ನೂ ಕಳಚಿ, ಸಾಕ್ಸನ್ನು ಒಳಹೊರಗು ಮಾಡಿ ಕೊಡವಿ, ಬೆರಳ ಸಂದನ್ನು ಒರೆಸಿ ಹಾಕಿಕೊಳ್ಳಬೇಕು. ಅಭ್ಯಾಸವಿದ್ದವರಿಗೆ ಮೂರು ನಿಮಿಷ. ಒದ್ದೆ ಚರ್ಮ ಮೆತ್ತಗಾಗಿ ಬೇಗ ಜಾರುತ್ತದೆ, ಅದರ ಮೇಲೆ ಮರಳು ಉಜ್ಜಿದರೆ ಐದಾರು ಕಿಲೋಮೀಟರಿಗೆ ಗುಳ್ಳೆ ಏಳುತ್ತದೆ. ಬೂಟಿನ ಬಾಯಿ ಮುಚ್ಚುವ ಬಟ್ಟೆಯ ಗೇಟರ್ ಕಟ್ಟಿದರೆ ಮೇಲಿಂದ ಬೀಳುವ ಮರಳು ನಿಲ್ಲುತ್ತದೆ, ಬೂಟಿನ ಜಾಲರಿಯಿಂದ ಒಳನುಗ್ಗುವ ಸಣ್ಣ ಮರಳು ನಿಲ್ಲದು. ನೀರು ತಡೆಯುವ ಪೊರೆಯಿರುವ ಬೂಟು ಇಲ್ಲಿ ಬೇಡವೇ ಬೇಡ. ತೊರೆ ದಾಟುವಾಗ ಮೇಲಿನಿಂದ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ.

ಇನ್ನು ದಾರಿ ತಪ್ಪುವ ವಿಷಯ. ಈ ಬಗೆಯ ರೇಸಿನಲ್ಲಿ ಜನ ದಾರಿ ತಪ್ಪುವುದು ಕಾಡಿನಲ್ಲಲ್ಲ, ಬಟಾಬಯಲು ದಂಡೆಯಲ್ಲಿ. ಮರಳಿನ ಮೇಲೆ ಗುರುತಿನ ರಿಬ್ಬನ್ ಕಟ್ಟಲು ಏನೂ ಇರುವುದಿಲ್ಲ, ನೆಟ್ಟ ಬಾವುಟ ಗಾಳಿಗೆ ಬೀಳುತ್ತದೆ. ತಲೆ ತಗ್ಗಿಸಿ ಮುಂದಿನವರ ಹೆಜ್ಜೆಗುರುತು ನೋಡುತ್ತ ಓಡುವವರು ದಂಡೆಯಿಂದ ಮೇಲೆ ಹತ್ತುವ ಜಾಗವನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ, ಅವರ ಹಿಂದೆ ಇನ್ನೂ ಹತ್ತು ಜನ. ದಂಡೆಯ ಉದ್ದ ಎಷ್ಟು, ಹತ್ತುವ ಜಾಗದ ಗುರುತೇನು ಎಂದು ಮೊದಲೇ ಆ ವೇಳೆ ಬರೆದ ಕಾಗದದಲ್ಲಿ ಬರೆದುಕೊಳ್ಳಬೇಕು. ಕಡಿದಾದ ಬಂಡೆಗೋಡೆಯ ಬುಡದಲ್ಲಿ ಅರ್ಧ ಆಕಾಶ ಮುಚ್ಚಿರುವುದರಿಂದ ಜಿಪಿಎಸ್ ಕೂಡ ಅತ್ತಿತ್ತ ಜಿಗಿಯುತ್ತದೆ; ವಾಚಿನ ದೂರವನ್ನು ಪೂರ್ತಿ ನಂಬುವಂತಿಲ್ಲ.

ಮೇಲಿನ ಬಂಡೆಯಂಚಿನ ದಾರಿಯಲ್ಲಿ ಒಂದೇ ನಿಯಮ: ಹಿಂದಿಕ್ಕುವುದೇನಿದ್ದರೂ ನೆಲದ ಬದಿಯಿಂದ, ಕಡಲ ಬದಿಯಿಂದ ಎಂದಿಗೂ ಇಲ್ಲ. ಅಂಚಿನ ಹುಲ್ಲಿನ ಕೆಳಗೆ ಮಣ್ಣು ಕುಸಿದು ಪೊಳ್ಳಾಗಿರುವುದು ಮೇಲಿಂದ ಕಾಣದು.

ಬಂಡೆಯ ಮೂಲೆಗೆ ಬಂದಾಗ ಬಣ್ಣ ನೋಡಿ ಕಾಲಿಡಬೇಕು. ಹಸಿರು ಪಾಚಿ ಇದ್ದಲ್ಲಿ, ಕಪ್ಪಗೆ ಹೊಳೆಯುವ ಒದ್ದೆ ಕಲ್ಲಿನಲ್ಲಿ ಯಾವ ಬೂಟೂ ನಿಲ್ಲುವುದಿಲ್ಲ. ಬಿಳಿಯ ಚಿಪ್ಪುಪ್ರಾಣಿಗಳು ಹತ್ತಿಕೊಂಡ ಒರಟು ಕಲ್ಲು ಹಿಡಿತ ಕೊಡುತ್ತದೆ, ಆದರೆ ಬಿದ್ದರೆ ಅಂಗೈ ಸೀಳುತ್ತದೆ. ಅಟ್ಟೆಯಡಿ 6 ಮಿ.ಮೀ. ಲಗ್ (ಹಿಡಿತದ ಉಬ್ಬು) ಇರುವ ಬೂಟು ಎಲ್ಲ ಕಡೆ ಒಳ್ಳೆಯದೆಂಬ ನಂಬಿಕೆ ಇದೆ; ಕೆಸರಿನ ಏರಿಗೆ ಅದು ಸರಿ, ಒದ್ದೆ ಬಂಡೆಗೆ ಅಲ್ಲ. ಲಗ್ ಉದ್ದವಾದಷ್ಟೂ, ಬಿಡಿಬಿಡಿಯಾದಷ್ಟೂ ಕಲ್ಲಿಗೆ ತಾಗುವ ರಬ್ಬರ್ ಕಡಿಮೆ. 4 ಮಿ.ಮೀ. ಲಗ್, ಮೆತ್ತನೆಯ ರಬ್ಬರ್ ನಮ್ಮ ಆಯ್ಕೆ. ಈ ಒಂದೂವರೆ ಕಿಲೋಮೀಟರಿನಲ್ಲಿ ಓಡುವುದೇ ಇಲ್ಲ. ಮೂರು ಕಡೆ ಆಧಾರ, ಒಂದು ಕೈಯೋ ಕಾಲೋ ಮಾತ್ರ ಚಲನೆಯಲ್ಲಿ. ಏರಿನಲ್ಲಿ ಊರುವ ಕೋಲುಗಳು ಮಡಚಿ ಬೆನ್ನಿಗೆ.

ತಿನ್ನುವುದು, ಕುಡಿಯುವುದು ಗಡಿಯಾರದ ಮೇಲೆ ನಡೆಯಬೇಕು, ಹಸಿವಿನ ಮೇಲಲ್ಲ. ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಓಟಗಾರರು ಹೀರುವ ಸಿಹಿ ಜೆಲ್ಲಿನ ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ, ಅಂದರೆ ಅರ್ಧ ಗಂಟೆಗೊಂದು. ಗ್ಲೂಕೋಸ್ ಜೊತೆ ಫ್ರಕ್ಟೋಸ್ ಇರುವ ಮಿಶ್ರಣವಾದರೆ, ಹೊಟ್ಟೆಗೆ ಅಭ್ಯಾಸ ಮಾಡಿಸಿದವರು 90 ಗ್ರಾಂ ತನಕ ಹೋಗಬಹುದು. ಜೆಲ್ಲಿನ ಮೂತಿಯನ್ನು ಪೂರ್ತಿ ಹರಿಯಬಾರದು, ಹರಿದ ತುಂಡು ಗಾಳಿಗೆ ಹಾರಿ ಕಡಲು ಸೇರುತ್ತದೆ. ಹಲ್ಲಿನಿಂದ ಅರ್ಧ ಹರಿದು ತುಂಡು ಅಂಟಿಕೊಂಡೇ ಇರುವಂತೆ ಬಿಡಬೇಕು. ತಿನ್ನುವ ಕೆಲಸ ಮರಳಿಗೆ ಮುಂಚೆ ಅಥವಾ ಏರಿನ ನಡಿಗೆಯಲ್ಲಿ. ಮರಳಿನ ಕೈಯಿಂದ ತಿಂದರೆ ಹಲ್ಲಿನ ನಡುವೆ ಕರಕರ, ಹೊಟ್ಟೆಗೂ ಹಿತವಿಲ್ಲ.

ನೀರಿನ ವಿಷಯದಲ್ಲಿ ಎರಡು ಕಡೆಯ ಅಪಾಯವಿದೆ. ಕಡಲ ಗಾಳಿ ಬೆವರನ್ನು ಆಗಿಂದಾಗಲೇ ಒಣಗಿಸುವುದರಿಂದ ಬೆವರಿದ್ದೇ ಗೊತ್ತಾಗುವುದಿಲ್ಲ. ಇದಕ್ಕೆ ಹೆದರಿ ಪ್ರತಿ ಏಯ್ಡ್ ಸ್ಟೇಷನ್ನಿನಲ್ಲೂ (ದಾರಿಯಲ್ಲಿ ನೀರು, ತಿನಿಸು ಕೊಡುವ ಜಾಗ) ಹೊಟ್ಟೆ ತುಂಬ ನೀರು ಕುಡಿಯುವುದು ಇನ್ನೊಂದು ತಪ್ಪು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಪರೀಕ್ಷೆಗೆ ಒಳಪಟ್ಟ 488 ಓಟಗಾರರಲ್ಲಿ ಶೇ. 13ರಷ್ಟು ಮಂದಿಗೆ ಸೋಡಿಯಂ ಮಟ್ಟ ಕುಸಿದಿತ್ತು. ಓಟದ ವೇಳೆ ತೂಕ ಏರಿದ್ದವರಲ್ಲಿ, ಅಂದರೆ ಕಳೆದುಕೊಂಡದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ ಅದು ಎದ್ದು ಕಂಡಿತು. ತರಬೇತಿಯ ದಿನ ಓಟದ ಮೊದಲು, ನಂತರ ತೂಕ ನೋಡಿ; ಇಳಿದ ತೂಕಕ್ಕೆ ಕುಡಿದ ನೀರನ್ನು ಕೂಡಿಸಿ ಗಂಟೆಗಳಿಂದ ಭಾಗಿಸಿದರೆ ನಿಮ್ಮ ಬೆವರಿನ ಲೆಕ್ಕ ಸಿಗುತ್ತದೆ. ಒಂದು ಕಿಲೋಗ್ರಾಂ ಅಂದರೆ ಒಂದು ಲೀಟರ್. ಬಹುಮಂದಿಗೆ ಗಂಟೆಗೆ 400ರಿಂದ 800 ಮಿ.ಲೀ. ಒಳಗೆ ಕುಡಿದರೆ ಸಾಕಾಗುತ್ತದೆ. ಕೈಬೆರಳು ಊದಿ, ಹೊಟ್ಟೆ ತುಂಬಿದಂತಾಗಿ, ತಲೆನೋವು ಬಂದರೆ ಇನ್ನಷ್ಟು ನೀರು ಕೊಡುವುದು ಪರಿಹಾರವಲ್ಲ.

22ನೇ ಕಿಲೋಮೀಟರಿನ ಆಚೆಗೆ ಏರಿಗಿಂತ ಇಳಿಜಾರೇ ಕಷ್ಟ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬಿಗಿಹಿಡಿಯಬೇಕು. ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುವುದು ಈ ಕೆಲಸದಿಂದಲೇ. ಮೊದಲ ಕಣಿವೆಗಳಿಗೆ ದಾಪುಗಾಲು ಹಾಕಿ ಧಡಧಡ ಇಳಿದವರು ಈಗ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿರುತ್ತಾರೆ. ಹೆಜ್ಜೆ ಚಿಕ್ಕದು, ಬೇಗ ಬೇಗ, ಮೊಣಕಾಲು ತುಸು ಮಡಿಚಿ, ಕಣ್ಣು ಮೂರು ನಾಲ್ಕು ಮೀಟರ್ ಮುಂದೆ. ಮೆಟ್ಟಿಲುಗಳ ಎತ್ತರ ಒಂದರಂತೆ ಒಂದು ಇರುವುದಿಲ್ಲ, ಅದಕ್ಕೇ ಲಯ ನಂಬಿ ಇಳಿದವರು ಮುಗ್ಗರಿಸುತ್ತಾರೆ. ಇದಕ್ಕೆ ತಯಾರಿಯೆಂದರೆ ಹಿಂದಿನ ಎರಡು ತಿಂಗಳು ವಾರಕ್ಕೊಮ್ಮೆ ಇಳಿಜಾರಿನಲ್ಲಿ ಓಡುವುದು. ಒಮ್ಮೆ ಪೆಟ್ಟು ತಿಂದು ಚೇತರಿಸಿಕೊಂಡ ಸ್ನಾಯುವಿಗೆ ಮುಂದಿನ ಸಲ ಅಷ್ಟು ಪೆಟ್ಟಾಗುವುದಿಲ್ಲ. ಕಡೆಯ ಹತ್ತು ದಿನ ಮಾತ್ರ ಅದು ಬೇಡ.

ಏಯ್ಡ್ ಸ್ಟೇಷನ್ನಿನಲ್ಲಿ ಕೂರುವಂತಿಲ್ಲ ಎಂಬುದು ನಮ್ಮ ಕಟ್ಟುನಿಟ್ಟು. ಬಾಟಲಿಯ ಮುಚ್ಚಳ ತೆಗೆದುಕೊಂಡೇ ಒಳಗೆ ಹೋಗಿ, ತುಂಬಿಸಿ, ತಿನ್ನುವುದನ್ನು ಕೈಯಲ್ಲಿ ಹಿಡಿದು ನಡೆಯುತ್ತ ಹೊರಗೆ. ಎರಡು ನಿಮಿಷ ಸಾಕು. ಓಟ ಬಿಡಬೇಕಾಗಿ ಬಂದವರು ಮಾರ್ಷಲ್ಲಿಗೆ ಹೇಳಿ, ಎದೆಯ ಮೇಲಿನ ಬಿಬ್ ಸಂಖ್ಯೆ ಬರೆಸಿ, ಕ್ಲಬ್ಬಿನ ಸಂಪರ್ಕದವರಿಗೂ ತಿಳಿಸಬೇಕು. ಹೇಳದೆ ರಸ್ತೆಗೆ ಹತ್ತಿ ಮನೆಗೆ ಹೋದವರನ್ನು ಹುಡುಕಲು ರಕ್ಷಣಾ ತಂಡ ಬಂಡೆಗಳ ನಡುವೆ, ಏರುತ್ತಿರುವ ನೀರಿನಲ್ಲಿ ಇಳಿಯಬೇಕಾಗುತ್ತದೆ. ಓಟ ಬಿಡುವುದರಲ್ಲಿ ಅವಮಾನವೇನಿಲ್ಲ, ಹೇಳದೆ ಬಿಡುವುದರಲ್ಲಿ ಇದೆ.

ಬಿಸಿಲೇರಿದ ಮೇಲೆ ಜೊತೆಯವರ ಮಾತಿನ ಮೇಲೆ ಗಮನವಿರಬೇಕು. ತಡವರಿಸುವ ಮಾತು, ಅಡ್ಡಾದಿಡ್ಡಿ ಹೆಜ್ಜೆ, ಸಂಬಂಧವಿಲ್ಲದ ಉತ್ತರ ಬಂದರೆ ಅದು ಬರೀ ಸುಸ್ತಲ್ಲ; ಒಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. ಕೂಡಲೇ ನಿಲ್ಲಿಸಿ, ಸಹಾಯಕ್ಕೆ ಕರೆದು, ಅದು ಬರುವುದಕ್ಕೆ ಕಾಯದೆ ತಣಿಸಲು ಶುರುಮಾಡಬೇಕು. ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸುವುದು ಎಲ್ಲಕ್ಕಿಂತ ಪರಿಣಾಮಕಾರಿ. ಅದಿಲ್ಲದಿದ್ದರೆ ನೆರಳಿನಲ್ಲಿ ಮಲಗಿಸಿ ಮೈಮೇಲೆ ಎಡೆಬಿಡದೆ ನೀರು ಸುರಿದು ಗಾಳಿ ಹಾಕುವುದು. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು.

ಕೊನೆಯ ಗೆರೆ ದಾಟಿದವರು ಕೂರದೆ ಹತ್ತು ನಿಮಿಷ ಅಡ್ಡಾಡಬೇಕು. ಓಟ ನಿಂತೊಡನೆ ಕಾಲಿನಿಂದ ರಕ್ತವನ್ನು ಮೇಲೆ ತಳ್ಳುತ್ತಿದ್ದ ಸ್ನಾಯು ಸುಮ್ಮನಾಗಿ ತಲೆ ತಿರುಗುತ್ತದೆ. ಒದ್ದೆ ಅಂಗಿ ಕೂಡಲೇ ಬದಲಾಗಬೇಕು. ಓಡದೆ ಉಳಿದ ಸದಸ್ಯರೊಬ್ಬರು ಒಣಬಟ್ಟೆಗಳ ಚೀಲ ಹಿಡಿದು ಅಲ್ಲಿಯೇ ಇದ್ದರು. ಚಿಪ್ಪು ತಾಗಿ ಆದ ಗಾಯ ಚಿಕ್ಕದೆಂದು ಬಿಡುವಂತಿಲ್ಲ. ಸಿಹಿನೀರು, ಸೋಪಿನಿಂದ ತೊಳೆದು ಒಳಗೆ ಉಳಿದ ಚೂರು ತೆಗೆಯಬೇಕು. ಕಡಲ ನೀರಿನ ಕೆಲವು ಬ್ಯಾಕ್ಟೀರಿಯಾಗಳು ಗಂಟೆಗಳಲ್ಲಿ ಹರಡುತ್ತವೆ, ಹಾಗಾಗಿ ಕೆಂಪು, ಊತ, ಜ್ವರ ಕಂಡರೆ ಮರುದಿನಕ್ಕೆ ತಳ್ಳದೆ ವೈದ್ಯರಲ್ಲಿ ಹೋಗಬೇಕು. ತೊಡೆ ನೋವು ಒಂದರಿಂದ ಮೂರು ದಿನದ ಒಳಗೆ ತೀರಾ ಹೆಚ್ಚಿರುತ್ತದೆ, ಆಗ ನಡಿಗೆ ಮಾತ್ರ.

ಬೂಟನ್ನು ಅದೇ ಸಂಜೆ ಸಿಹಿನೀರಿನಲ್ಲಿ ಜಾಲಾಡಿ, ಒಳಹಾಸು ಬೇರೆ ತೆಗೆದು, ಹಳೆಯ ಪೇಪರ್ ತುರುಕಿ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಅಟ್ಟೆಯ ಅಂಟು ಬಿಡುತ್ತದೆ. ವಾಚನ್ನೂ ತೊಳೆದು, ಹಿಂಬದಿಯ ಲೋಹದ ಚುಕ್ಕೆಗಳನ್ನು ಪೂರ್ತಿ ಒಣಗಿಸಿದ ಮೇಲೆಯೇ ಚಾರ್ಜಿಗೆ ಹಾಕಿ. ಉಪ್ಪುನೀರಿನ ಪಸೆ ಇದ್ದಾಗ ವಿದ್ಯುತ್ ಹರಿದರೆ ಆ ಚುಕ್ಕೆಗಳು ಕೆಲವೇ ಸಲಕ್ಕೆ ತಿಂದುಹೋಗುತ್ತವೆ.